ನಾನು ಆರ್ಕಿಡ್ ಬೆಳೆದ ಕಾರಣ

ಆರ್ಕಿಡ್ ಹೂ ಕಂಡರೆ ನನಗೆ ಇಂದಿಗೂ ಸಿಟ್ಟು ನೆತ್ತಿಗೇರುತ್ತದೆ. ನಗಬೇಡಿ, ಕಾರಣವಿದೆ.

ತೊಂಬತ್ತರ ದಶಕದ ಕೊನೆ. ಕೃಷಿ ಓದುತ್ತಿದ್ದ ಹುಡುಗಿಯೊಬ್ಬಳು ಆನವಟ್ಟಿ ಬಸ್ಸಿಳಿದು ಉದ್ದನೆಯ ಫಾರಂ ಹಿಡಿದು ನಮ್ಮ ಮನೆಗೆ ಬಂದಳು. ರೈತರು ಆರ್ಕಿಡ್ ಬೆಳೆಯಲು ಯಾಕೆ ಮನಸ್ಸು ಮಾಡುತ್ತಾರೆ ಎಂದು ಪತ್ತೆ ಮಾಡಬೇಕಂತೆ. ಹವೆಯೋ, ಮಾರುಕಟ್ಟೆಯೋ, ತರಬೇತಿಯೋ?

"ಯಾವ್ದೂ ಅಲ್ಲವ್ವ, ನನ್ನ ಷಡ್ಡಕ" ಅಂದೆ.

ಹೆಂಡತಿಯ ತಂಗಿಯ ಗಂಡ ಆ ಮಹಾನುಭಾವ. ಶಿರಾಳಕೊಪ್ಪದ ಹತ್ತಿರ ರಸ್ತೆ ಬದಿಗೇ ಹಸಿರು ಬಲೆಯ ಚಪ್ಪರ ಕಟ್ಟಿಸಿ ಆರ್ಕಿಡ್ ಇಟ್ಟ. ಬಸ್ಸಿನ ಕಿಟಕಿಯಿಂದ ಕತ್ತು ಚಾಚಿ ನೋಡಿದ ನೆಂಟರೆಲ್ಲ ನನ್ನ ಮುಂದೆ ಬಂದು ಹೊಗಳುವವರೇ. ಮೈಯೆಲ್ಲ ಉರಿಯುತ್ತಿತ್ತು. ರೈತ ಮಣ್ಣು ನೋಡಿ, ನೀರು ನೋಡಿ ಬೆಳೆ ಹಾಕುತ್ತಾನೆ ಎಂದು ಯಾವ ಪುಣ್ಯಾತ್ಮ ಹೇಳಿದನೋ! ನಾವು ನೋಡುವುದು ಪಕ್ಕದವನ ಬೇಲಿ.

ನನಗೆ ಬಾವಿ ಪಕ್ಕದ ಜಾಗವೇ ಬೇಕಾಯಿತು. ಅಲ್ಲಿ ನನ್ನ ಹೆಂಡತಿ ಗೌರಿಯ ಸೇವಂತಿಗೆ ಮಡಿ ಇತ್ತು. ಮಾಲೆ ಕಟ್ಟಿ ಆನವಟ್ಟಿ ಸಂತೆಗೆ ಒಯ್ಯುತ್ತಿದ್ದಳು. ಈ ಮನೆಯಲ್ಲಿ ತನ್ನದು ಎಂದು ಅವಳು ಹೇಳಿಕೊಳ್ಳುವಂಥದ್ದು ಅದೊಂದೇ. ಅವಳು ತವರಿಗೆ ಹೋದಾಗ ಕೀಳಿಸಿಬಿಟ್ಟೆ.

ಇನ್ನು ನನ್ನ ಜಾಣತನ ಕೇಳಿ. ನಮ್ಮ ಮಾವಿನ ಕೊಂಬೆಗಂಟಿ ಬೆಳೆಯುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಮಣ್ಣು ಬೇಡುವುದಿಲ್ಲ, ಗಾಳಿಗೆ ಬೇರು ಬಿಟ್ಟು ಹಾಯಾಗಿರುತ್ತದೆ. ಹುಟ್ಟಿದಾಗಿನಿಂದ ಅದನ್ನು ನೋಡಿದವನು ನಾನು. ಆದರೂ ಕೊಂಡು ತಂದ ಗಿಡದ ಬೇರು ಇದ್ದಿಲ ಚೂರಿನ ಮೇಲೆ ಬತ್ತಲೆ ನೇತಾಡುವುದನ್ನು ಕಂಡು ಒಕ್ಕಲುತನದ ಕರುಳು ಚುರ್ರೆಂದಿತು. ಬುಟ್ಟಿಗಟ್ಟಲೆ ತಿಪ್ಪೆಗೊಬ್ಬರ ತಂದು ಬೇರು ಮುಚ್ಚಿ ನೀರು ಹೊಯ್ದೆ. ಎಲ್ಲವೂ ಕೊಳೆತುಹೋದವು. ಥೂ! ಗಿಡ ಮಾರಿದವನಿಗೆ ಬೈದೆ, ಷಡ್ಡಕನಿಗೆ ಬೈದೆ, ಮಳೆಗೂ ಬೈದೆ.

ಸೇವಂತಿಗೆಯ ಮಾತೊಂದು ಬಿಟ್ಟು ಉಳಿದದ್ದನ್ನೆಲ್ಲ ಹುಡುಗಿಗೆ ಹೇಳಿದೆ. ಬರೆದುಕೊಂಡವಳು ಕೊನೆಯದಾಗಿ ಕೇಳಿದಳು: "ಮನೆಯವರ ಹತ್ರ ಚರ್ಚೆ ಮಾಡಿದ್ರಾ ಸರ್?"

"ಹೂಂ ಮತ್ತೆ" ಅಂದುಬಿಟ್ಟೆ. ಅವಳು 'ಹೌದು' ಎಂದು ಬರೆದಳು.

ಗೌರಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಸುಳ್ಳು ಬರ್ಕೋಬ್ಯಾಡವ್ವ. ನಾ ಊರಾಗೇ ಇರ್ಲಿಲ್ಲ. ಬಂದು ನೋಡಿದ್ರೆ ಮೊಗ್ಗಿದ್ದ ಗಿಡ ಎಲ್ಲಾ ತಿಪ್ಪಿ ಮ್ಯಾಲೆ ಬಿದ್ದಿದ್ವು. ಯಾಕ್ರೀ ಅಂತ ಕೇಳಿದ್ರೆ ನನಗೇ ಬೈದ್ರು. ಮೂರು ವರ್ಷ ಆತು. ಇವತ್ತು ನಿನಗೆ ಹೇಳೋದು ಕೇಳಿ ನನಗೆ ಕಾರಣ ಗೊತ್ತಾತು."

ಹುಡುಗಿ 'ಹೌದು' ಎಂಬುದನ್ನು ಹೊಡೆದುಹಾಕಿ 'ಇಲ್ಲ' ಎಂದು ಬರೆದು ಫಾರಂ ನನ್ನತ್ತ ಚಾಚಿದಳು. ಗೌರಿಯ ಮುಖ ನೋಡದೆ ಸಹಿ ಹಾಕಿದೆ. ಅದು ಸಿಟ್ಟಿಗಂತೂ ಅಲ್ಲ.