ನೋವು ನನ್ನದು, ಎಣ್ಣೆ ತಂಗಿಯ ತಲೆಗೆ

ಹಲ್ಲಿ ಲೊಚಗುಟ್ಟಿದಾಗ ‘ಕೃಷ್ಣ ಕೃಷ್ಣ’ ಎಂದು ನೆಲ ಕುಟ್ಟುವವರನ್ನು ಕಂಡರೆ ನಗುವ ಪೈಕಿ ನಾನು. ಚಾಮರಾಜನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ದೃಷ್ಟಿ, ಗಾಳಿ, ದೆವ್ವದ ಸೋಂಕು ಎಂದವರನ್ನು ಮಕ್ಕಳ ಮುಂದೆಯೇ ಗೇಲಿ ಮಾಡಿದ್ದೇನೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನಗೊಂದು ತಲೆನೋವು ಶುರುವಾಯಿತು. ತಲೆಯಿಡೀ ಅಲ್ಲ, ಎಡಗಿವಿಯ ಮೇಲೆ ರೂಪಾಯಿ ಬಿಲ್ಲೆಯಷ್ಟು ಜಾಗದಲ್ಲಿ ಮಾತ್ರ. ದಬ್ಬಳದಲ್ಲಿ ಚುಚ್ಚಿದಂತೆ ಬರುವುದು, ಕಾಡುವಷ್ಟು ಕಾಡಿ ಹೋಗುವುದು. ಕಾರಣ ಹುಡುಕುವುದು ನನ್ನ ಚಟ. ತುರುಬು ಬಿಗಿಯಾಯಿತೇನೋ ಎಂದು ಸಡಿಲವಾಗಿ ಜಡೆ ಹೆಣೆದೆ. ಕನ್ನಡಕದ ಕಡ್ಡಿ ಒತ್ತುತ್ತದೇನೋ ಎಂದು ಫ್ರೇಮ್ ಬದಲಿಸಿದೆ. ದವಡೆ ಹಲ್ಲು ತೋರಿಸಿದೆ, ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟೆ. ಕೊನೆಗೆ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಏನೂ ಇಲ್ಲ! ನರದ ನೋವಿರಬಹುದು ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಗಡ್ಡೆಯಲ್ಲವಲ್ಲ ಎಂದು ಜೀವಕ್ಕೆ ಸಮಾಧಾನವಾಯಿತು. ಮತ್ತೇನು ಎಂಬ ಕುತೂಹಲ ಮಾತ್ರ ಹೋಗಲಿಲ್ಲ.

ನನ್ನ ತಂಗಿಯನ್ನು ಕೊಟ್ಟಿರುವುದು ಗುಂಡ್ಲುಪೇಟೆ ಪಕ್ಕದ ಹಳ್ಳಿಗೆ. ಚೆಂಡುಹೂ ಬೆಳೆಯುವ ಮನೆ, ಇಬ್ಬರು ಚಿಕ್ಕ ಮಕ್ಕಳು. ಒಂದು ಭಾನುವಾರ ಅಲ್ಲಿಗೆ ಹೋದಾಗ ನೋವು ಜೋರಾಗಿತ್ತು. ತಂಗಿಯ ಅತ್ತೆ ಹರಳೆಣ್ಣೆ ಬೆಚ್ಚಗೆ ಮಾಡಿ ತಂದು, “ಬಾ ಕೂಸೇ, ತಲೆಗೆ ಎಣ್ಣೆ ತಟ್ಬುಡ್ತೀನಿ. ಮಾತ್ರೆ ನುಂಗಿ ನುಂಗಿ ಒಟ್ಟೆ ಕೆಡುಸ್ಕಬ್ಯಾಡ” ಎಂದು ಕರೆದರು. ಅಷ್ಟರಲ್ಲಿ ಫೋನ್ ಬಂತು, ನಾನು ಜಗಲಿಗೆ ಹೋದೆ. ಎಣ್ಣೆ ಆರಿಹೋಗುತ್ತದೆಂದು ಅವರು ತಂಗಿಯನ್ನೇ ಮೊದಲು ಕೂರಿಸಿಕೊಂಡರು.

ಮಾತಾಡುತ್ತಿದ್ದಂತೆ ನನ್ನ ನೋವು ಥಟ್ಟನೆ ನಿಂತುಹೋಯಿತು. ಹೇಳೋಣವೆಂದು ಒಳಗೆ ಬಂದರೆ, ಅತ್ತೆಯವರ ಅಂಗೈ ತಂಗಿಯ ಎಡಗಿವಿಯ ಮೇಲಿತ್ತು. ಅವರು ಕೈ ತೆಗೆದರು. ನನಗೆ ಮತ್ತೆ ಚುಚ್ಚಿತು.

ಕಾಕತಾಳೀಯ ಎಂದುಕೊಂಡೆ. ಆದರೆ ಚಟ ಬಿಡಬೇಕಲ್ಲ! ನಾನು ಗೋಡೆಗೆ ಮುಖ ಮಾಡಿ ಕುಳಿತೆ. “ತಟ್ಟಿದರೆ ಸದ್ದು ಕೇಳುತ್ತೆ, ಅವಳ ತಲೆಯನ್ನ ಅಲ್ಲಲ್ಲಿ ಬೆರಳಲ್ಲಿ ಒತ್ತಿ. ಎಲ್ಲಿ, ಯಾವಾಗ ಅಂತ ನನಗೆ ಹೇಳಬೇಡಿ. ನೋವು ಇಳಿದಾಗ ನಾನೇ ಕೈ ಎತ್ತುತ್ತೀನಿ” ಎಂದು ಅತ್ತೆಯವರಿಗೆ ಹೇಳಿದೆ. ತಂಗಿ ಮೊದಮೊದಲು ಕಿಸಕ್ಕನೆ ನಗುತ್ತಿದ್ದಳು. ನಾನು ಕೈ ಎತ್ತುತ್ತ, ಇಳಿಸುತ್ತ ಇದ್ದೆ. ಸ್ವಲ್ಪ ಹೊತ್ತಿಗೆ ಅವಳ ನಗು ನಿಂತಿತು.

“ಅಕ್ಕ, ಎಡಗಿವಿ ಮೇಲ್ಕೆ ಒತ್ದಾಗ್ಲೇ ಕೈ ಎತ್ತಾ ಇದ್ದೀಯ ಕಣಕ್ಕ.”

“ಅಲ್ಲಿ ನಿನಗೆ ನೋವಿದೆಯೇನಮ್ಮಿ?”

“ಇಲ್ಲ ಕಣಕ್ಕ. ತಲೆನೋವು ಅಂದ್ರೇನು ಅಂತ್ಲೇ ನಂಗೊತ್ತಿಲ್ಲ.”

ಅಲ್ಲಿಯತನಕ ತಮಾಷೆಯಾಗಿದ್ದದ್ದು ಆಗ ಹೆದರಿಕೆಯಾಯಿತು. ನನ್ನ ನೋವಿನ ಉಪಶಮನ ಅವಳ ತಲೆಯಲ್ಲಿದ್ದರೆ, ಕಾಯಿಲೆ ಯಾರ ತಲೆಯಲ್ಲಿದೆ? ಪ್ರಶ್ನೆ ಅಸಂಬದ್ಧವೆಂದು ಗೊತ್ತಿದ್ದೂ ಅವಳಿಗೆ ಸ್ಕ್ಯಾನ್ ಮಾಡಿಸೋಣವೆಂದು ದುಂಬಾಲು ಬಿದ್ದೆ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕುದ್ರಂತೆ, ಅಂಗಾಯ್ತು ನಿನ್ ಕತೆ. ಊರೋರು ನಗ್ತಾರೆ ಬುಡು” ಎಂದಳು. ಅವಳ ಮಕ್ಕಳ ಮುಖ ನೋಡಿ ನನಗೆ ಅಳುವೇ ಬಂತು. ನಾನು ಅತ್ತದ್ದನ್ನು ನೋಡಲಾರದೆ ಒಪ್ಪಿದಳು.

ಅವಳ ತಲೆಯಲ್ಲಿ ಅದೇ ಜಾಗದಲ್ಲಿ, ಮಿದುಳಿನ ಹೊರಪೊರೆಗೆ ಅಂಟಿಕೊಂಡು, ಕಡಲೆಕಾಳಿನಷ್ಟು ಗಂಟಿತ್ತು. ಈಗಲೇ ಅಪಾಯವಿಲ್ಲ, ಆದರೆ ಬೆಳೆಯುತ್ತದೋ ಏನೋ ಎಂದು ವರ್ಷವರ್ಷ ನೋಡುತ್ತಿರಬೇಕು, ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಎಂದ ಡಾಕ್ಟರು, “ಅಲ್ಲಿ ನೋವು ಬರುತ್ತೇನಮ್ಮ?” ಎಂದು ಕೇಳಿದರು.

“ಬತ್ತದೆ ಸಾರ್” ಎಂದಳು ತಂಗಿ. “ನಮ್ಮಕ್ಕಂಗೆ.”

ಡಾಕ್ಟರು ಇಬ್ಬರ ಮುಖವನ್ನೂ ನೋಡಿ, ಮುಂದಿನ ವರ್ಷದ ಸ್ಕ್ಯಾನಿಗೆ ಚೀಟಿ ಬರೆದುಕೊಟ್ಟರು. ಗಂಟು ಇದುವರೆಗೆ ಬೆಳೆದಿಲ್ಲ. ನನಗೆ ಆಗಾಗ ಆ ನೋವು ಬರುತ್ತಲೇ ಇರುತ್ತದೆ. ಮಾತ್ರೆ ನುಂಗುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದೇನೆ. ನೋವನ್ನು ಅಡಗಿಸಿಬಿಟ್ಟರೆ ತಂಗಿಯ ತಲೆಯಲ್ಲಿ ಏನಾಗುತ್ತಿದೆಯೆಂದು ನನಗೆ ತಿಳಿಯುವುದಾದರೂ ಹೇಗೆ?