ಲೈಬ್ರರಿ ಮೇಷ್ಟ್ರ ಅಡಿಗೆಮನೆ

ಮೈದಾ ಹಿಟ್ಟಿಗೆ ನೀರು ಬೆರೆಸಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಒಂದು ವಾಸನೆ ಬರುತ್ತದೆ. ಹಸಿ ಹಿಟ್ಟಿನದಲ್ಲ, ಬೆಂದ ಹಿಟ್ಟಿನದೂ ಅಲ್ಲ. ಈ ಜನವರಿಯ ಮೊದಲ ದಿನ, ವಿಜಯನಗರದ ನಮ್ಮ ಮನೆಯಲ್ಲಿ, ಬೆನ್ನು ಕಿತ್ತುಹೋದ ಪುಸ್ತಕಗಳಿಗೆ ಒಂದು ಗತಿ ಕಾಣಿಸೋಣವೆಂದು ಅಂಟು ಕಾಯಿಸಲು ನಿಂತೆ. ಪ್ರತಿ ವರ್ಷ ಈ ದಿನ ನನಗೆ ಇಂಥದೊಂದು ಹುರುಪು ಬರುತ್ತದೆ, ಸಂಕ್ರಾಂತಿಯ ಹೊತ್ತಿಗೆ ಇಳಿದುಹೋಗುತ್ತದೆ. ಅಂಟು ಗಟ್ಟಿಯಾಗತೊಡಗಿದಾಗ ಆ ವಾಸನೆ ಎದ್ದಿತು. ಲೈಬ್ರರಿ ಮೇಷ್ಟ್ರು ನೆನಪಾದರು...

ವಾಸನೆ ನೆನಪನ್ನು ತರುತ್ತದೆ ಎನ್ನುವ ಮಾತನ್ನು ನಾನು ಪೂರ್ತಿ ನಂಬುವವನಲ್ಲ. ಬಂದದ್ದು ನೆನಪೋ, ಇಷ್ಟು ವರ್ಷಗಳಲ್ಲಿ ನಾನೇ ತಿದ್ದಿ ತೀಡಿಕೊಂಡ ಕಥೆಯೋ ಹೇಳುವುದು ಕಷ್ಟ. ಅನುಮಾನ ಇರುವ ಕಡೆ ಅನುಮಾನವಿದೆ ಎಂದೇ ಹೇಳಿಬಿಡುತ್ತೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ತತ್ವಶಾಸ್ತ್ರದ ಎಂ.ಎ. ಓದುತ್ತ ಯಾದವಗಿರಿಯಲ್ಲಿ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ದೊಡ್ಡ ಬಂಗಲೆಯೊಂದರ ಹಿತ್ತಿಲಿನ ಸಣ್ಣ ಮನೆ ಅದು. ಊಟವೂ ಅವರಲ್ಲೇ. ಅವರು ಮೇಷ್ಟ್ರೇನೂ ಅಲ್ಲ. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಂಗಡಿಸುವ ಕೆಲಸ. ಬೀದಿಯವರು ಗೌರವಕ್ಕೆ ಹಾಗೆ ಕರೆಯುತ್ತಿದ್ದರು. ದಪ್ಪ ಮೀಸೆ, ಅಗಲವಾದ ಮೈ, ಮಾತು ಕಡಿಮೆ. ಗ್ರಂಥಾಲಯದಲ್ಲಿ ಒಂದು ಪುಸ್ತಕ ಪಕ್ಕದ ಜಾಗಕ್ಕೆ ಹೋಗಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲವಂತೆ. ಮನೆಗೆ ಬಂದರೆ ಮಾತ್ರ ಬೇರೆಯೇ ಮನುಷ್ಯ. ಕೊಡೆ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ, ಓದುತ್ತಿದ್ದ ಪುಸ್ತಕ ನೆಲದ ಮೇಲೆ, ಅದರ ಮೇಲೆ ಕಾಫಿ ಲೋಟ.

“ನನ್ನ ಕನ್ನಡಕ ಎಲ್ಲಿ ಇವಳೇ?”

“ಉಪ್ಪಿನ ಜಾಡಿ ಪಕ್ಕ ಐತೆ. ಬೆಳಿಗ್ಗೆ ನೀವೇ ಇಟ್ಟು ಹೋದ್ರಿ.”

ಅವರ ಹೆಂಡತಿ, ನಾನು ಅಮ್ಮ ಎಂದೇ ಕರೆಯುತ್ತಿದ್ದವರು, ಮೇಷ್ಟ್ರು ಎಲ್ಲೆಲ್ಲೋ ಬಿಟ್ಟದ್ದನ್ನೆಲ್ಲ ಹುಡುಕಿಕೊಡುತ್ತಲೇ ಅಷ್ಟು ವರ್ಷ ಸಂಸಾರ ಮಾಡಿದ್ದರು. ಆ ಅಮ್ಮನ ಕಣ್ಣು ಮಂಜಾಗತೊಡಗಿತು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ನರದ ಕಾಯಿಲೆ, ಹೋಗುತ್ತ ಹೋಗುತ್ತ ಪೂರ್ತಿ ಹೋಗುತ್ತದೆ ಎಂದರು ಡಾಕ್ಟರು. ಡಿಸೆಂಬರಿನಲ್ಲಿ ಅಮ್ಮನ ಅಕ್ಕ ಕೆಸರೆಯಿಂದ ಬಂದು ನೋಡಿದರು. ಕೆಸರೆ ಆಗ ಹೊಲಗದ್ದೆಗಳ ಊರು. ಅಕ್ಕ ವಿಧವೆ, ಗಟ್ಟಿ ಹೆಂಗಸು. ತೀರ್ಮಾನ ಹೇಳಿಯೇ ಹೋದರು:

“ಯುಗಾದಿಗೆ ಬತ್ತೀನಿ. ಕೈಲಾಗಲ್ಲ ಅನ್ನಂಗಿದ್ರೆ ಇಲ್ಲೇ ಇದ್ದುಬುಡ್ತೀನಿ. ನೀನು ಜಗಲಿ ಮೇಲೆ ಕೂತಿರು, ನಾನು ಬೇಯಿಸಾಕ್ತೀನಿ.”

ಅಕ್ಕ ಹೋದ ಮೇಲೆ ಅಮ್ಮ ನನ್ನ ಹತ್ತಿರ ಹೇಳಿದ್ದು ಈಗಲೂ ಕಿವಿಯಲ್ಲಿದೆ. “ಅಕ್ಕ ಒಳ್ಳೇಳೇ ಕಣಪ್ಪ. ಆದ್ರೆ ಅವಳು ಒಲೆ ಮುಂದೆ ಕೂತ್ಲು ಅಂದ್ರೆ ಮುಗೀತು. ನನ್ನ ಮನೇಲೇ ನಾನು ನೆಂಟ್ರಂಗೆ ಆಗೋಯ್ತೀನಿ.”

ಮೇಷ್ಟ್ರು ಒಳಗಿನಿಂದ ಇದನ್ನು ಕೇಳಿಸಿಕೊಂಡಿರಬೇಕು. ಜನವರಿ ಒಂದನೇ ತಾರೀಕು ಬೆಳಿಗ್ಗೆ, ಗ್ರಂಥಾಲಯದಿಂದ ತಂದ ಕತ್ತರಿ, ಕಪ್ಪು ಮಸಿ, ಬಿಳಿ ಕಾಗದ ಹರಡಿಕೊಂಡು ಕೂತರು. ಹೊಸ ವರ್ಷದಿಂದ ಮನೆಯಲ್ಲಿ ಎಲ್ಲಕ್ಕೂ ಒಂದು ಜಾಗ ಇರಬೇಕು, ಜಾಗ ಗೊತ್ತಿದ್ದರೆ ಯಾರ ಹಂಗೂ ಇಲ್ಲ ಎಂದರು. ಯಾರ ಹೊಸ ವರ್ಷ, ನಮಗಿನ್ನೂ ಯುಗಾದಿ ಬಂದಿಲ್ಲ ಎಂದು ಅಮ್ಮ ನಕ್ಕರು. ಅವರು ಕೇಳಲಿಲ್ಲ. ಅಡಿಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಅಕಾರಾದಿಯಲ್ಲಿ ಜೋಡಿಸತೊಡಗಿದರು. ಅಕ್ಕಿ, ಅರಿಶಿನ, ಅವಲಕ್ಕಿ. ಆಮೇಲೆ ಇಂಗು. ಆಮೇಲೆ ಉದ್ದಿನಬೇಳೆ, ಉಪ್ಪು. ಒಂದೊಂದಕ್ಕೂ ದುಂಡಗಿನ ಅಕ್ಷರದಲ್ಲಿ ಚೀಟಿ. ಅಂಟು ಕಾಯಿಸುವ ಕೆಲಸ ನನ್ನದು. ಪುಸ್ತಕಕ್ಕೆ ಹುಳು ಹಿಡಿಯದಿರಲೆಂದು ಹಾಕುವ ಹಾಗೆ ಮೇಷ್ಟ್ರು ಅದಕ್ಕೂ ಮೈಲುತುತ್ತದ ವಿಷ ಹಾಕಲು ಹೋಗಿದ್ದರು. “ಅಕ್ಕ ಬರೋಕೆ ಮುಂಚೆನೇ ಮನೆಮಂದಿನೆಲ್ಲ ಮುಗಿಸ್ಬುಡಿ ಮತ್ತೆ!” ಎಂದು ಅಮ್ಮ ಅದನ್ನು ಕಿತ್ತುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಅಡಿಗೆಮನೆ ಪುಸ್ತಕದ ಕಪಾಟಿನಂತೆ ಕಂಗೊಳಿಸುತ್ತಿತ್ತು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ನಾನೂ ನೋಡಿದೆ. ಅಮ್ಮ ಹತ್ತಿರ ಬಂದು ಒಂದು ಡಬ್ಬದ ಮೇಲೆ ಬೆರಳಾಡಿಸಿ, “ಇದೇನ್ರೀ ಒದ್ದೆ ಒದ್ದೆ?” ಎಂದರು.

“ಚೀಟಿ ಕಣೇ. ಹೆಸರು ಬರೆದು ಅಂಟಿಸಿದ್ದೀನಿ.”

“ಕಣ್ಣು ಕಾಣ್ದೋಳಿಗೆ ಚೀಟಿ ಅಂಟಿಸಿದ್ದೀರಾ?”

ನಗಬೇಕೋ ಬೇಡವೋ ತಿಳಿಯದೆ ನಾವಿಬ್ಬರೂ ನಿಂತೆವು. ಅಮ್ಮನೇ ಮೊದಲು ನಕ್ಕದ್ದು. ಬೆಳಗಿನಿಂದ ಕೂತು ಚೀಟಿ ಬರೆದ ಅವರಿಗಾಗಲಿ, ಜ್ಞಾನವೆಂದರೇನು ಎಂದು ದಿನವೂ ಪುಟಗಟ್ಟಲೆ ಓದುತ್ತಿದ್ದ ನನಗಾಗಲಿ ಇದು ಹೊಳೆದಿರಲಿಲ್ಲ.

ಆದರೂ ಮೇಷ್ಟ್ರು ಸೋಲಲಿಲ್ಲ. ಚೀಟಿ ಓದಬೇಕಾಗಿಲ್ಲ, ಅಕ್ಷರದ ಕ್ರಮ ಬಾಯಲ್ಲಿದ್ದರೆ ಸಾಕು ಎಂದರು. ಅಮ್ಮ ಕೆಲವು ದಿನ ಅವರ ಮನಸ್ಸು ನೋಯಿಸಬಾರದೆಂದು ಒಲೆಯ ಮುಂದೆ ಕೂತು ಅ ಆ ಇ ಈ ಹೇಳಿಕೊಳ್ಳುತ್ತ ಸಾಸಿವೆ ಹುಡುಕಿದರು. ಅಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಸಾಂಬಾರಿನಲ್ಲಿ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಸಲ ಉಪ್ಪು. ಮೇಷ್ಟ್ರು ತಲೆ ಎತ್ತದೆ ಊಟ ಮಾಡಿ ಏಳುತ್ತಿದ್ದರು. ಹೀಗೇ ಆದರೆ ಯುಗಾದಿಯ ದಿನ ಏನಾಗುತ್ತದೆಂದು ಮೂವರಿಗೂ ಗೊತ್ತಿತ್ತು.

ಜನವರಿ ಮುಗಿಯುವುದರೊಳಗೆ ಇರಬೇಕು, ಒಂದು ಬೆಳಿಗ್ಗೆ ಅಮ್ಮ ಬಿಸಿ ಸಾರಿನ ಪಾತ್ರೆ ಹಿಡಿದು ನಡುಮನೆಗೆ ಬರುವಾಗ ಎಡವಿ ಬಿದ್ದರು. ಮೇಷ್ಟ್ರು ಹಿಂದಿನ ದಿನ ನೆಲದ ಮೇಲೆ ಬಿಟ್ಟಿದ್ದ ಪುಸ್ತಕಗಳು. ಸಾರು ಅಂಗೈ ಮೇಲೆ ಚೆಲ್ಲಿತ್ತು. ನಾವು ಓಡಿಬಂದೆವು. ಅಮ್ಮ ಏಳಲಿಲ್ಲ. ಕೂತಲ್ಲೇ ಇನ್ನೊಂದು ಕೈಯಿಂದ ಕಾಲ ಬಳಿ ತಡವಿ, ಒಂದು ಪುಸ್ತಕ ಎತ್ತಿ ಹಿಡಿದು ಕೇಳಿದರು:

“ಇದು ಯಾವ ಅಕ್ಷರದ್ದು ರೀ?”

ಮೇಷ್ಟ್ರು ಬಗ್ಗಿ ಉಳಿದ ಪುಸ್ತಕಗಳನ್ನು ಬಾಚಿಕೊಳ್ಳತೊಡಗಿದರು. ಅಮ್ಮ ಮುಂದುವರಿಸಿದರು:

“ನನ್ನ ಡಬ್ಬ ನಂಗೊತ್ತು. ಅಲ್ಲಾಡಿಸಿದ್ರೆ ಗೊತ್ತಾಯ್ತದೆ, ಮೂಗಿಗೆ ಹಿಡಿದ್ರೆ ಗೊತ್ತಾಯ್ತದೆ. ಅವು ಮೊದ್ಲು ಎಲ್ಲಿದ್ವೋ ಅಲ್ಲಿಗೇ ಬುಟ್ಬುಡಿ. ಗೊತ್ತಾಗ್ದೇ ಇರೋದು ನೀವೊಬ್ರೇ. ಎಲ್ಲಿರ್ತೀರಿ, ಯಾವಾಗ ಬತ್ತೀರಿ, ಎಲ್ಲಿ ಏನು ಬಿಸಾಕಿರ್ತೀರಿ... ನಿಮ್ಮನ್ನ ಒಂದು ಜಾಗದಲ್ಲಿಡಿ, ಸಾಕು.”

ಆ ದಿನ ಮೇಷ್ಟ್ರು ಕೆಲಸಕ್ಕೆ ಹೋಗಲಿಲ್ಲ. ಅಮ್ಮನ ಅಂಗೈಗೆ ಬೆಣ್ಣೆ ಸವರಿ, ಚೀಟಿಗಳನ್ನೆಲ್ಲ ಬಿಸಿನೀರಲ್ಲಿ ನೆನೆಸಿ ಕಿತ್ತರು. ಅಮ್ಮ ಮಣೆಯ ಮೇಲೆ ಕೂತು ಹೇಳಿದ ಹಾಗೆ ಡಬ್ಬಗಳು ಹಳೆಯ ಜಾಗಕ್ಕೆ ಹೋದವು.

ಅವರು ಬದಲಾಗುತ್ತಾರೆಂದು ನಾನು ನಂಬಿರಲಿಲ್ಲ. ಐವತ್ತು ದಾಟಿದ ಮನುಷ್ಯ ಬದಲಾಗುವುದಿಲ್ಲ ಎನ್ನುವುದು ಆಗ ನನ್ನ ಸಿದ್ಧಾಂತವಾಗಿತ್ತು. ಆದರೆ ಮಾರನೆಯ ದಿನದಿಂದ ಕೊಡೆ ಮೊಳೆಗೆ ಏರಿತು. ಚಪ್ಪಲಿ ಗೋಡೆಗೆ ಒತ್ತಿ ನಿಂತಿತು. ಓದುವ ಕುರ್ಚಿ ಕಿಟಕಿಯ ಕೆಳಗೆ ಹೋಯಿತು, ಆಮೇಲೆ ಅಲ್ಲಿಂದ ಕದಲಲಿಲ್ಲ. ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತಿದ್ದವರು ಗೇಟಿನಿಂದಲೇ, “ಬಂದೆ ಕಣೇ!” ಎಂದು ಕೂಗತೊಡಗಿದರು. ಬಂಗಲೆಯವರು ಮೊದಮೊದಲು ಕಿಟಕಿಯಿಂದ ಇಣುಕಿ ನೋಡಿದರು. ನನಗೂ ಬಿಡುಗಡೆ ಇರಲಿಲ್ಲ. “ಕುರ್ಚಿ ಎಲ್ಲಿಂದ ಎಳೆದೆಯೋ ಅಲ್ಲಿಗೇ ದೂಡಯ್ಯ, ಫಿಲಾಸಫರು!” ಮರೆತು ಎಲ್ಲೋ ಲೋಟ ಇಟ್ಟರೆ, ನಡುದಾರಿಯಲ್ಲಿ ನೆನಪಾಗಿ ಓಡಿಬಂದು ಎತ್ತಿಡುತ್ತಿದ್ದರು. ಅಷ್ಟು ಅಗಲದ ಮೈ ಹೊತ್ತು ಅವರು ಓಡುವುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಯುಗಾದಿಯ ಹಿಂದಿನ ದಿನ ಅಕ್ಕ ಜಟಕಾದಲ್ಲಿ ಟ್ರಂಕಿನ ಸಮೇತ ಬಂದಿಳಿದರು. ಟ್ರಂಕನ್ನು ನಡುಮನೆಯ ಬಾಗಿಲಲ್ಲೇ ಇಟ್ಟರು. ಮೇಷ್ಟ್ರು ಕುರ್ಚಿಯಿಂದ ಎದ್ದವರೇ ಅದನ್ನೆತ್ತಿ ಮೂಲೆಗೆ ಸರಿಸಿದರು. “ಅಕ್ಕಾ, ದಾರೀಲಿ ಏನೂ ಇಡಂಗಿಲ್ಲ ಈ ಮನೇಲಿ.”

“ಯಾವತ್ತಿಂದಪ್ಪಾ ಈ ರೂಲು?” ಎಂದರು ಅಕ್ಕ.

ಹಬ್ಬದ ದಿನ ಅಮ್ಮ ಹೋಳಿಗೆಗೆ ಕೂತರು. ಯಾರೂ ಒಳಗೆ ಬರಕೂಡದು ಎಂದಿದ್ದರು. ಮೇಷ್ಟ್ರು ಕಿಟಕಿಯ ಕೆಳಗೆ ಪುಸ್ತಕ ಬಿಡಿಸಿಕೊಂಡು ಕೂತಿದ್ದರು, ಪುಟ ತಿರುಗಿಸಲಿಲ್ಲ. ಒಂದು ಹೋಳಿಗೆ ಸೀದ ವಾಸನೆ ಬಂದಿತು. ಅಕ್ಕ ಎದ್ದರು. ಮೇಷ್ಟ್ರು ಕೈ ಅಡ್ಡ ಹಿಡಿದರು. ಅಕ್ಕ ಕೂತರು. ಆಮೇಲೆ ಎಲೆಗೆ ಬಿದ್ದ ಹೋಳಿಗೆಯನ್ನು ಮುರಿದು, ತುಪ್ಪದಲ್ಲಿ ಅದ್ದಿ, ನಿಧಾನವಾಗಿ ತಿಂದು, “ಏಲಕ್ಕಿ ಒಂಚೂರು ಕಮ್ಮಿ ಆಯ್ತು ಕಣೆ” ಎಂದರು. ಮೇಷ್ಟ್ರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಏಲಕ್ಕಿಯ ಮಾತಿಗಿಳಿದರೆಂದರೆ ಅಕ್ಕ ಒಪ್ಪಿಕೊಂಡರೆಂದೇ ಅರ್ಥ.

ಮರುದಿನ ಅಕ್ಕ ಹೊರಟರು. ಟ್ರಂಕಿನ ಬೀಗವನ್ನು ತೆಗೆದೇ ಇರಲಿಲ್ಲ ಎಂದು ನನ್ನ ನೆನಪು. ಆದರೆ ಬಂದಾಗ ಕಂದು ಸೀರೆಯಲ್ಲಿದ್ದವರು ಹಬ್ಬಕ್ಕೆ ಹಸಿರು ಸೀರೆ ಉಟ್ಟಿದ್ದರು ಎಂದೂ ನೆನಪು. ಎರಡೂ ನಿಜವಾಗಿರಲಾರವು...

ಓದು ಮುಗಿಸಿ ನಾನು ಬೇರೆ ಊರಿನ ಕೆಲಸಕ್ಕೆ ಹೋದೆ. ಅಮ್ಮನಿಗೆ ಕಣ್ಣು ಪೂರ್ತಿ ಹೋದ ಮೇಲೂ ಅಡಿಗೆಮನೆ ಅವರದೇ ಆಗಿತ್ತು ಎಂದು ಕೇಳಿದ್ದೆ. ಅರವತ್ತರ ದಶಕದ ನಡುವೆ ಒಂದು ಜ್ವರದಲ್ಲಿ ಅವರು ಹೋದರು. ಸುದ್ದಿ ನನಗೆ ತಿಳಿದದ್ದು ತಡವಾಗಿ. ಮೇಷ್ಟ್ರನ್ನು ನೋಡಲು ಹೋದೆ. ಬಾಗಿಲಲ್ಲೇ ನಿಲ್ಲಬೇಕಾಯಿತು. ಚಪ್ಪಲಿ ಹೊಸಿಲಿಗೆ ಅಡ್ಡವಾಗಿತ್ತು. ಕೊಡೆ ನೆಲದ ಮೇಲೆ, ಪುಸ್ತಕಗಳು ಹೆಜ್ಜೆಗೊಂದು. ಹಳೆಯ ಅಭ್ಯಾಸದಿಂದ ನಾನು ಬಗ್ಗಿ ಅವನ್ನು ಎತ್ತಿಡಲು ಹೋದೆ.

“ಇರ್ಲಿ ಬುಡಯ್ಯ,” ಎಂದರು ಮೇಷ್ಟ್ರು. “ಇನ್ಯಾರು ಎಡವ್ತಾರೆ?”

ಅವರು ನಿಜವಾಗಿಯೂ ಹೀಗೆ ಅಂದರೋ, ಸುಮ್ಮನೆ ಕೈಯಾಡಿಸಿದ್ದಕ್ಕೆ ನಾನೇ ಮಾತು ಸೇರಿಸಿದೆನೋ, ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೆಲವು ವರ್ಷಗಳಲ್ಲಿ ಅವರೂ ಹೋದರು. ಆ ಮನೆಯಲ್ಲಿದ್ದ ಮೂವರಲ್ಲಿ ಈಗ ಉಳಿದಿರುವವನು ನಾನೊಬ್ಬ. ಹಾಗಲ್ಲ ಕಣಯ್ಯ, ಹೀಗೆ ಎಂದು ತಿದ್ದುವವರು ಯಾರೂ ಇಲ್ಲ. ಬಹುಶಃ ಅದಕ್ಕೇ ಇಷ್ಟು ಅನುಮಾನ.