ಅರಮನೆಯ ಅಂಜೂರ

ಕ್ಲೈನ್‌ಬರ್ಗಿನಲ್ಲಿ ನಾನಿದ್ದ ಬಾಡಿಗೆ ಬೇಸ್‌ಮೆಂಟಿನ ಮಾಲೀಕರು ಇಟಲಿಯಿಂದ ವಲಸೆ ಬಂದ ಒಬ್ಬ ಮುದುಕರು. ಇಟಲಿಯಲ್ಲಿ ಒಂದು ದೊಡ್ಡ ಮನೆತನದ ಅರಮನೆಯ ಉದ್ಯಾನದಲ್ಲಿ ಅವರ ಅಜ್ಜ, ಅಪ್ಪ ಮಾಲಿಗಳಾಗಿದ್ದರು. ಮಾಲಿಗಳು ಒಳಗೆ ಹೋಗುವುದು ಹಿಂಬಾಗಿಲಿಂದ ಮಾತ್ರ. “ತೋಟ ಅವರದು, ಕೈ ನಮ್ಮದು” ಎನ್ನುತ್ತಿದ್ದರು ಮುದುಕರು. ಆ ಉದ್ಯಾನದ ಕಡ್ಡಿಯಿಂದ ಬೆಳೆಸಿದ ಅಂಜೂರದ ಗಿಡ ಇಲ್ಲಿನ ಚಳಿಗೆ ಸಾಯಬಾರದೆಂದು, ಪ್ರತಿ ವರ್ಷವೂ ಅದನ್ನು ಬಗ್ಗಿಸಿ ಮಣ್ಣಲ್ಲಿ ಹೂಳುತ್ತಿದ್ದರು. ಹಿಮ ಕರಗಿದ ಮೇಲೆ ಎಬ್ಬಿಸುತ್ತಿದ್ದರು.

ಒಂದು ಅಕ್ಟೋಬರಿನಲ್ಲಿ ಅವರ ಮಗಳು ಫೋನಲ್ಲಿ ಫೋಟೋ ತೋರಿಸಿದಳು. ಅರಮನೆ ಹೋಟೆಲಾಗಿತ್ತು, ಉದ್ಯಾನ ಅದರ ಪಾರ್ಕಿಂಗ್.

“ಈಗ ಮುಂಬಾಗಿಲಿಂದಲೇ ಹೋಗ್ಬೋದು ಡ್ಯಾಡ್,” ಎಂದು ನಕ್ಕಳು.

“ಹೋಗಿ ಕಾರು ನೋಡ್ಲಾ?”

ಆ ವರ್ಷ ಅವರು ಗಿಡ ಹೂಳಲು ಹೊರಗೆ ಬರಲಿಲ್ಲ. ಊರಲ್ಲಿ ಮಣ್ಣಿನ ಕೆಲಸ ಮಾಡುವ ನಮ್ಮ ಮನೆಯ ಮೊದಲ ಡಿಗ್ರಿ ನನ್ನದಾದರೂ ನಾನು ಗುದ್ದಲಿ ಮರೆತಿರಲಿಲ್ಲ, ಎತ್ತಿಕೊಂಡೆ. ಅವರು ಕಿಟಕಿ ತೆರೆದರು.

“ಬಿಡು ಮಗಾ. ತೋಟವೇ ಹೋಯ್ತು.”

ಮೊದಲ ಹಿಮ ಬಿದ್ದಾಗ ಹೂಳದೆ ಬಿಟ್ಟ ಅಂಜೂರ ನೆಟ್ಟಗೆ ನಿಂತಿತ್ತು.